ನಿಲ್ಲಿಸಿದ ಕಲ್ಲು, ನೋಡುವ ದಿಕ್ಕು

ನಮ್ಮ ಸೀಮೆಯಲ್ಲಿ ಕಲ್ಲೆಂದರೆ ಹಾಸುವ ವಸ್ತು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಲ್ಲಿ ಹುಟ್ಟಿ ಬೆಳೆದವರ ಅಂಗಾಲಿಗೆ ಪರಸಿಯ ತಂಪು ಪರಿಚಿತ. ಮನೆಯ ನೆಲ, ಪಡಸಾಲೆ, ಬಚ್ಚಲು, ಶಾಲೆಯ ವರಾಂಡ, ರೈಲು ನಿಲ್ದಾಣದ ಕಟ್ಟೆ, ಎಲ್ಲವೂ ಶಹಾಬಾದಿನ ಹಾಸುಗಲ್ಲು. ಈ ಕಲ್ಲು ಪದರು ಪದರಾಗಿ ಎದ್ದು ಬರುತ್ತದೆ; ಮಲಗುವುದೇ ಅದರ ಸ್ವಭಾವ. ಆದರೆ ಭೀಮೆಯನ್ನು ದಾಟಿ ಶಹಾಪುರ, ಸುರಪುರಗಳತ್ತ ಸಾಗಿದರೆ ಭೂಮಿಯ ಬಣ್ಣವೇ ಬೇರೆಯಾಗುತ್ತದೆ. ಸುಣ್ಣಕಲ್ಲಿನ ಬಯಲು ಮುಗಿದು ಕಣಶಿಲೆಯ ಗುಡ್ಡಗಳೂ ಗುಂಡುಗಳೂ ಎದುರಾಗುತ್ತವೆ. ಅಲ್ಲಿಯ ಪ್ರಾಚೀನರು ಕಲ್ಲನ್ನು ಹಾಸಲಿಲ್ಲ, ಸಾಲಾಗಿ ನಿಲ್ಲಿಸಿದರು. ಯಾಕೆ ನಿಲ್ಲಿಸಿದರು, ಯಾವ ದಿಕ್ಕಿಗೆ ನಿಲ್ಲಿಸಿದರು ಎಂಬುದೇ ಈ ಲೇಖನದ ವಿಷಯ.

ಇದನ್ನು ಬರೆಯಲು ಪ್ರೇರಣೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಪತ್ರ. ಅಮೆರಿಕದಲ್ಲಿ ನೆಲೆಸಿರುವ ಆಕೆ ನ್ಯೂ ಮೆಕ್ಸಿಕೊ ರಾಜ್ಯದ ಚಾಕೊ ಕಣಿವೆಯನ್ನು ನೋಡಿ ಬಂದು, “ಸರ್, ಸೂರ್ಯನ ದಿಕ್ಕು ನೋಡಿ ಕಲ್ಲು ನಿಲ್ಲಿಸಿದ ಊರು ನಮ್ಮ ಕಡೆ ಇವೆಯೇ?” ಎಂದು ಕೇಳಿದ್ದಾಳೆ. ಚಾಕೊ ಕಣಿವೆಯು ಸುಮಾರು ಕ್ರಿ.ಶ. 850ರಿಂದ 1150ರವರೆಗೆ ಪ್ಯೂಬ್ಲೊ ಜನರ ಪೂರ್ವಜರ ಧಾರ್ಮಿಕ ಕೇಂದ್ರವಾಗಿತ್ತು. ನಮ್ಮಲ್ಲಿ ಮಳಖೇಡದ ರಾಷ್ಟ್ರಕೂಟರು ಮೆರೆದು ಕಲ್ಯಾಣದ ಚಾಲುಕ್ಯರು ಬಂದ ಕಾಲ ಅದು. ಅಲ್ಲಿಯ ಫಜಾಡ ಎಂಬ ಒಂಟಿ ಗುಡ್ಡದ ಮೇಲೆ ಮೂರು ಕಲ್ಲುಚಪ್ಪಡಿಗಳು ಬಂಡೆಗೆ ಒರಗಿ ನಿಂತಿವೆ. ಅವುಗಳ ಸಂದಿಯಿಂದ ತೂರಿ ಬರುವ ಬಿಸಿಲಿನ ಗೆರೆ ಹಿಂಬದಿಯ ಬಂಡೆಯಲ್ಲಿ ಕೊರೆದ ಸುರುಳಿಯ ಮೇಲೆ ಬೀಳುತ್ತದೆ. ಬೇಸಿಗೆಯ ಅತಿ ದೀರ್ಘ ಹಗಲಿನಂದು, ನಡುಹಗಲಿಗೆ ತುಸು ಮುಂಚೆ, ಆ ಬೆಳಕಿನ ಬಾಕು ಸುರುಳಿಯ ನಡುವನ್ನೇ ಸೀಳುತ್ತಿತ್ತು. 1977ರಲ್ಲಿ ಅನಾ ಸೋಫೆರ್ ಎಂಬ ಕಲಾವಿದೆ ಇದನ್ನು ಗಮನಿಸಿ ಜಗತ್ತಿಗೆ ತಿಳಿಸಿದರು. ‘ಸೀಳುತ್ತಿತ್ತು’ ಎಂದು ಭೂತಕಾಲದಲ್ಲಿ ಬರೆದಿರುವುದಕ್ಕೆ ಕಾರಣವಿದೆ, ಮುಂದೆ ಹೇಳುತ್ತೇನೆ.

ಆಕೆಯ ಪ್ರಶ್ನೆಗೆ ಉತ್ತರ: ಇವೆ. ವಾಡಿಯಿಂದ ರೈಲಿನಲ್ಲಿ ಯಾದಗಿರಿಗೆ ಹೋಗಿ ಬಸ್ಸು ಹಿಡಿದರೆ ಶಹಾಪುರ. ಅದರ ಸಮೀಪದ ವಿಭೂತಿಹಳ್ಳಿಯಲ್ಲಿ ಇಂಥ ಸಾಲುಗಲ್ಲುಗಳಿವೆ. ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಅದು ಗುಲಬರ್ಗಾ ಜಿಲ್ಲೆಯೊಳಗೇ ಇತ್ತು. 2009ರ ಕೊನೆಯಲ್ಲಿ ಯಾದಗಿರಿ ಜಿಲ್ಲೆ ಪ್ರತ್ಯೇಕವಾಯಿತು. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಗೆ ಒಳಪಟ್ಟ ಸ್ಥಳವಿದು. ಉಳಿಯ ಪೆಟ್ಟು ಕಾಣದ ಕಣಶಿಲೆಯ ಗುಂಡುಗಳು, ಸಾವಿರಕ್ಕೂ ಮಿಕ್ಕಿ, ಸಾಲು ಸಾಲಾಗಿ ಹರಡಿವೆ. ಮೊದಲ ನೋಟಕ್ಕೆ ‘ಗುಡ್ಡದಿಂದ ಉರುಳಿದ ಕಲ್ಲುಗಳಿಗೆ ಇಷ್ಟು ಸಂಭ್ರಮವೇ’ ಎನ್ನಿಸಿದರೆ ಆಶ್ಚರ್ಯವಿಲ್ಲ. ಒಂದು ಕಲ್ಲಿನ ಬಳಿ ನಿಂತು, ಅದರ ಹಿಂದಿನ ಕಲ್ಲು, ಅದರಾಚೆಯ ಕಲ್ಲು ಎಂದು ಕಣ್ಣು ಹಾಯಿಸಿದಾಗ ಮಾತ್ರ ವ್ಯವಸ್ಥೆ ತೆರೆದುಕೊಳ್ಳುತ್ತದೆ. ನಾಲ್ಕು ಕಲ್ಲು ಚೌಕದ ಮೂಲೆಗಳಲ್ಲಿ, ಐದನೆಯದು ನಡುವೆ. ದಾಳದ ಐದರ ಮುಖವನ್ನು ನೆನೆಯಿರಿ. ಈ ಚೌಕ ಸುತ್ತಲೂ ಮರುಕಳಿಸುತ್ತದೆ. ಆದ್ದರಿಂದ ನೇರ ಸಾಲುಗಳೂ ಓರೆ ಸಾಲುಗಳೂ ಒಟ್ಟಿಗೇ ಹುಟ್ಟುತ್ತವೆ.

ಕೃಷ್ಣೆಯ ಸಮೀಪದ ಹಣಮಸಾಗರದ ಸಾಲುಗಳು ಇದಕ್ಕಿಂತ ದೊಡ್ಡವು. ಅಲ್ಲಿ ಸುಮಾರು 600 ಮೀಟರ್ ಬದಿಯ ಚೌಕದೊಳಗೆ ಐವತ್ತು ಅಡ್ಡಸಾಲು, ಐವತ್ತು ಉದ್ದಸಾಲುಗಳೆಂದು ಲೆಕ್ಕ ಹಾಕಿದ್ದಾರೆ. ಅಂದರೆ ಎರಡೂವರೆ ಸಾವಿರದಷ್ಟು ಕಲ್ಲು, ಒಂದರಿಂದ ಒಂದಕ್ಕೆ ಸುಮಾರು 12 ಮೀಟರ್ ಅಂತರ. ಆ ಸಾಲುಗಳು ಪೂರ್ವ-ಪಶ್ಚಿಮ, ಉತ್ತರ-ದಕ್ಷಿಣಗಳನ್ನು ಅನುಸರಿಸುತ್ತವೆ.

ಇವನ್ನು ಲಿಖಿತ ದಾಖಲೆಗೆ ತಂದವರಲ್ಲಿ ಮೊದಲಿಗ ಸುರಪುರದ ‘ಟೇಲರ್ ಸಾಹೇಬ’. ಫಿಲಿಪ್ ಮೆಡೋಸ್ ಟೇಲರ್ 1840ರ ದಶಕದಲ್ಲಿ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡವನು, ಕಾದಂಬರಿಕಾರ. ಆತ ಕಟ್ಟಿಸಿದ ಬಂಗಲೆ ‘ಟೇಲರ್ ಮಂಜಿಲ್’ ಎಂಬ ಹೆಸರಿನಿಂದ ಈಗಲೂ ಪರಿಚಿತ. ರಾಜನಕೋಳೂರಿನ ಕಲ್ಲುಮನೆಗಳನ್ನೂ, ಭೀಮೆಯ ದಂಡೆಯ ಫಿರೋಜಾಬಾದಿನ ಸಮೀಪದ ಜೇವರ್ಗಿಯ ಗೋರಿಗಳನ್ನೂ ಅಗೆಸಿ, ಅಳೆದು, ನಕ್ಷೆ ಬರೆದ. ಅಗೆದ ಮಣ್ಣಿನ ಪದರುಗಳನ್ನು ಚಿತ್ರಿಸಿಡುವ ಶಿಸ್ತು ಆ ಕಾಲದ ಐರೋಪ್ಯ ವಿದ್ವಾಂಸರಲ್ಲೂ ವಿರಳವಾಗಿತ್ತು. ಆದರೆ ಇವುಗಳನ್ನು ಕಟ್ಟಿದವರು ಯಾರೆಂಬ ಪ್ರಶ್ನೆ ಬಂದಾಗ ಆತನ ಮನಸ್ಸು ತನ್ನ ನಾಡಿನ ಕಡೆ ಹರಿಯಿತು. ಬ್ರಿಟನ್, ಐರ್ಲೆಂಡುಗಳ ಕಲ್ಲುಗೋರಿಗಳನ್ನು ಹೋಲುವ ಇವು ಕೆಲ್ಟ್ ಅಥವಾ ಸಿಥಿಯನ್ ಜನರ ಕೃತಿಯಿರಬೇಕೆಂದು ಬಗೆದ. ನಮ್ಮ ಹಳ್ಳಿಗರ ಊಹೆ ಇನ್ನೊಂದು ಬಗೆಯದು: ಇವು ‘ಮೋರ್ಯರ ಮನೆ’ಗಳು, ಮೋರ್ಯರೆಂದರೆ ಗೇಣುದ್ದದ ಕುಳ್ಳರು. ಎರಡು ಊಹೆಗಳಲ್ಲಿ ಹಳ್ಳಿಗರದೇ ನನಗೆ ಹೆಚ್ಚು ಪ್ರಿಯ. ಅದರಲ್ಲಿ ಕಟ್ಟಿದವರು ಕುಳ್ಳರಾದರೂ ಈ ನೆಲದವರೇ.

ಟೇಲರನ ಬಳಿಕ ಒಂದು ಶತಮಾನ ಕಳೆದು, 1956ರಲ್ಲಿ ಪುರಾತತ್ವಜ್ಞ ಎಫ್. ಆರ್. ಆಲ್ಚಿನ್ ‘ದಕ್ಷಿಣ ಹೈದರಾಬಾದಿನ ಕಲ್ಲುಸಾಲುಗಳು’ ಎಂಬ ವಿಷಯವಾಗಿ ಲೇಖನ ಪ್ರಕಟಿಸಿದರು. ಅದೇ ವರ್ಷ ನವೆಂಬರ್ 1ರಂದು ಹೈದರಾಬಾದ್ ರಾಜ್ಯವೇ ಹಂಚಿಹೋಗಿ ನಮ್ಮ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಕಲ್ಲುಗಳು ಕದಲದೆ ರಾಜ್ಯ ಬದಲಿಸಿದವು!

ಸಾಲುಗಳ ದಿಕ್ಕನ್ನು ಆಕಾಶದೊಂದಿಗೆ ಹೋಲಿಸಿ ನೋಡಿದವರು ಖಗೋಳವಿಜ್ಞಾನಿ ಎನ್. ಕಾಮೇಶ್ವರ ರಾವ್. ಬ್ರಹ್ಮಗಿರಿಯ ಗೋರಿವೃತ್ತಗಳನ್ನೂ ವಿಭೂತಿಹಳ್ಳಿ, ಹಣಮಸಾಗರಗಳ ಸಾಲುಗಳನ್ನೂ ಅವರು ಪರಿಶೀಲಿಸಿದರು. ವಿಭೂತಿಹಳ್ಳಿಯ ಸಾಲುಗಳು ಉತ್ತರಾಯಣದ ಕೊನೆಯ ದಿನದ ಸೂರ್ಯನನ್ನು, ಸೂರ್ಯ ನೆತ್ತಿಯ ಮೇಲೆ ಬರುವ ದಿನದ ಅಸ್ತವನ್ನು ತೋರುವಂತಿವೆ, ಆದ್ದರಿಂದ ಅವು ಋತುಗಳನ್ನು ಗುರುತಿಸುವ ಪಂಚಾಂಗದ ಕೆಲಸ ಮಾಡಿರಬಹುದು ಎಂಬುದು ಅವರ ಅಭಿಪ್ರಾಯ.

ಇಲ್ಲಿ ಸ್ವಲ್ಪ ನಿಧಾನಿಸಿ, ನನ್ನ ಹಳೆಯ ಚಾಳಿಯಂತೆ ಲೆಕ್ಕ ಮಾಡೋಣ. ಶಹಾಪುರದ ಅಕ್ಷಾಂಶ ಸುಮಾರು 16.7 ಡಿಗ್ರಿ. ಆ ಅಕ್ಷಾಂಶದಲ್ಲಿ ಜೂನ್ 21ರಂದು ಸೂರ್ಯ ನೇರ ಪೂರ್ವದಿಂದ ಸುಮಾರು 24.5 ಡಿಗ್ರಿ ಉತ್ತರಕ್ಕೆ ಸರಿದು ಹುಟ್ಟುತ್ತಾನೆ. ನೆತ್ತಿಯ ಸೂರ್ಯನ ದಿನ ಸುಮಾರು 17.5 ಡಿಗ್ರಿ ಉತ್ತರಕ್ಕೆ ಮುಳುಗುತ್ತಾನೆ. ಈ ಎರಡು ದಿನಗಳಿಗೆ ಒಂದು ವ್ಯತ್ಯಾಸವಿದೆ. ಜೂನ್ ಮೂರನೆಯ ವಾರದಲ್ಲಿ ಸೂರ್ಯ ದಿಗಂತದ ಒಂದೇ ಠಾವಿನಲ್ಲಿ ಹತ್ತು ದಿನ ನಿಂತಂತೆ ತೋರುತ್ತಾನೆ. ದಿನ ಇದೇ ಎಂದು ಬೆರಳಿಟ್ಟು ಹೇಳುವುದು ಕಷ್ಟ. ಜೊತೆಗೆ ಆಗ ಮುಂಗಾರಿನ ಮೋಡ. ಆದರೆ ಮೇ ತಿಂಗಳ ಆರಂಭದಲ್ಲಿ ಅಸ್ತದ ಠಾವು ದಿನಕ್ಕೆ ಸೂರ್ಯಬಿಂಬದ ಅರ್ಧದಷ್ಟು ಸರಿಯುತ್ತದೆ, ಆಕಾಶವೂ ಸಾಮಾನ್ಯವಾಗಿ ನಿರ್ಮಲ. ಮಿರಗ ಮಳೆಗೆ ಸರಿಸುಮಾರು ಒಂದು ತಿಂಗಳು ಮುಂಚೆ ಖಚಿತವಾಗಿ ದಿನ ಹಿಡಿಯಬಲ್ಲವನು ಬೀಜ, ಮೇವು, ನೇಗಿಲು ಎಲ್ಲವನ್ನೂ ಅಣಿ ಮಾಡಿಕೊಳ್ಳಬಲ್ಲ. ಹೀಗೆ ಯೋಚಿಸಿದಾಗ ನೆತ್ತಿಯ ಸೂರ್ಯನ ಸಾಲೇ ಉಪಯೋಗದಲ್ಲಿ ಮಿಗಿಲೆಂದು ನನಗೆ ತೋರುತ್ತದೆ.

ಈ ಕಲ್ಲಿನ ಪಂಚಾಂಗಕ್ಕೆ ನಮ್ಮ ಕಾಗದದ ಪಂಚಾಂಗಕ್ಕಿಲ್ಲದ ಒಂದು ಗುಣವೂ ಉಂಟು. ರೋಹಿಣಿ, ಮಿರಗ, ಆರಿದ್ರ ಎಂದು ನಾವು ಮಳೆಗಳನ್ನು ನಕ್ಷತ್ರಗಳಿಂದ ಎಣಿಸುತ್ತೇವೆ. ಭೂಮಿಯ ಅಕ್ಷದ ತೊನೆದಾಟದಿಂದ ನಕ್ಷತ್ರಗಳಿಗೂ ಋತುಗಳಿಗೂ ಇರುವ ಸಂಬಂಧ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಜಾರುತ್ತದೆ. ಮೂರು ಸಾವಿರ ವರ್ಷಗಳಲ್ಲಿ ನಲವತ್ತು ದಿನ. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21-22ರ ಸುಮಾರಿಗಾದರೂ ನಾವು ಎಳ್ಳು ಬೀರುವುದು ಜನವರಿ 14-15ಕ್ಕೆ. ಕಾರಣ ಇದೇ ಜಾರಾಟ. ದಿಗಂತದ ಮೇಲಿನ ಸೂರ್ಯನಿಗೆ ಈ ದೋಷ ತಟ್ಟುವುದಿಲ್ಲ. ಮೂರು ಸಾವಿರ ವರ್ಷಗಳಲ್ಲಿ ಆತನ ಕೊನೆಯ ಠಾವು ಸರಿದಿರುವುದು ಬಿಂಬದ ಅಗಲಕ್ಕಿಂತಲೂ ಕಡಿಮೆ. ನೆಟ್ಟ ಕಲ್ಲು ನೆಟ್ಟಲ್ಲೇ ಇದ್ದರೆ ಅದು ಇಂದಿಗೂ ಅದೇ ಋತುವನ್ನು ಹೇಳೀತು.

ಇಷ್ಟು ಹೇಳಿದ ಮೇಲೆ ಎದುರು ಪಕ್ಷವನ್ನೂ ಕೇಳಬೇಕು. ಸಾವಿರ ಕಲ್ಲುಗಳಿದ್ದರೆ ಎರಡೆರಡನ್ನು ಜೋಡಿಸಿ 4,99,500 ಗೆರೆಗಳನ್ನು ಎಳೆಯಬಹುದು! ಅಷ್ಟು ಗೆರೆಗಳಲ್ಲಿ ಸೂರ್ಯನಿಗೂ, ಚಂದ್ರನಿಗೂ, ಬೇಕಾದರೆ ನಮ್ಮೂರ ಬಸ್ ನಿಲ್ದಾಣಕ್ಕೂ ಒಂದೊಂದು ಸಿಕ್ಕೇ ಸಿಗುತ್ತದೆ. ಆದ್ದರಿಂದ ಕಟ್ಟಿದವನು ಉದ್ದೇಶಪೂರ್ವಕವಾಗಿ ಎಳೆದ ಮುಖ್ಯ ಸಾಲುಗಳನ್ನು ಮಾತ್ರ ಸಾಕ್ಷಿಯೆಂದು ಒಪ್ಪಬೇಕು. ಎರಡನೆಯದು ನಿಖರತೆಯ ಪ್ರಶ್ನೆ. ಒಂದು ಮೀಟರ್ ಅಗಲದ ಗುಂಡನ್ನು ಹತ್ತು ಮೀಟರ್ ದೂರದಿಂದ ನೋಡಿದರೆ ಅದು ಸುಮಾರು 6 ಡಿಗ್ರಿಯಷ್ಟು ದಿಗಂತವನ್ನು ಮರೆಮಾಡುತ್ತದೆ. ಸೂರ್ಯಬಿಂಬವೋ ಅರ್ಧ ಡಿಗ್ರಿ. ಅದೇ ಕಲ್ಲು ನೂರು ಮೀಟರ್ ಆಚೆ ಇದ್ದರೆ ಸೂರ್ಯನಷ್ಟೇ ಅಗಲ ಕಾಣುತ್ತದೆ. ಉದ್ದನೆಯ ಸಾಲು ಬೇಕಾಗುವುದು ಇದಕ್ಕಾಗಿ. ಮೂರನೆಯದಾಗಿ, ದಿಕ್ಕು ಹಿಡಿದು ಕಟ್ಟಿದ್ದೆಲ್ಲ ವೇಧಶಾಲೆಯಲ್ಲ. ನಮ್ಮ ಮನೆಗಳ ತಲೆಬಾಗಿಲು ಪೂರ್ವಕ್ಕಿದ್ದ ಮಾತ್ರಕ್ಕೆ ನಮ್ಮ ಅಜ್ಜಂದಿರು ಖಗೋಳಶಾಸ್ತ್ರಜ್ಞರಾಗಲಿಲ್ಲ, ಅದು ಆಚಾರ. ನನ್ನ ಮಟ್ಟಿಗೆ, ಈ ಸಾಲುಗಳನ್ನು ದಿಕ್ಕು ಬಲ್ಲವರು ಕಟ್ಟಿದರೆಂಬುದು ನಿಶ್ಚಿತ. ಪಂಚಾಂಗಕ್ಕೆ ಬಳಸಿದರೆಂಬುದು ಸಂಭಾವ್ಯ. ಜನ ಕೂಡಿ ಯಾವುದೋ ವಿಧಿಯನ್ನು ನಡೆಸಿದರೆಂಬುದು ಅದಕ್ಕೆ ವಿರುದ್ಧವಲ್ಲ. ಬಿತ್ತನೆಯ ದಿನವೇ ಹಬ್ಬದ ದಿನವಾಗುವುದು ಕೃಷಿಕರಲ್ಲಿ ಸಹಜವಲ್ಲವೇ?

ಕೃಷ್ಣೆಯ ಗುಂಟ ಕೆಳಗೆ, ರಾಯಚೂರಿನಿಂದ ದೂರವಲ್ಲದ ಮುಡುಮಾಲದಲ್ಲಿ (ಈಗ ತೆಲಂಗಾಣದ ನಾರಾಯಣಪೇಟೆ ಜಿಲ್ಲೆ) ಎತ್ತರದ ನಿಲಸುಗಲ್ಲುಗಳ ಸಾಲುಗಳಿವೆ. ಹೈದರಾಬಾದ್ ವಿಶ್ವವಿದ್ಯಾಲಯದ ಕೆ. ಪಿ. ರಾವ್ ಅಲ್ಲಿ ಬಹುಕಾಲ ಕೆಲಸ ಮಾಡಿದ್ದಾರೆ. ಒಂದು ಕಲ್ಲಿನ ಮೇಲೆ ಕೊರೆದ ಕುಳಿಗಳು ಸಪ್ತರ್ಷಿ ಮಂಡಲದ ಆಕಾರದಲ್ಲಿವೆಯೆಂದು ಅವರು ಗುರುತಿಸಿದರು. 2025ರಲ್ಲಿ ಅದು ಯುನೆಸ್ಕೊದ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಯನ್ನು ಸೇರಿತು.

ದಿಕ್ಸೂಚಿಯಿಲ್ಲದ ಕಾಲದಲ್ಲಿ ದಿಕ್ಕನ್ನು ಹಿಡಿದ ಬಗೆ ಹೇಗೆ? ನನ್ನಲ್ಲಿ ಏಳನೆಯ ತರಗತಿ ಓದಿದವರಿಗೆ ನೆನಪಿರಬಹುದು: ಶಾಲೆಯ ಅಂಗಳದಲ್ಲಿ ಗೂಟ ನೆಟ್ಟು, ಹಗ್ಗದಿಂದ ಸುತ್ತಲೂ ವೃತ್ತ ಎಳೆದು, ಬೆಳಿಗ್ಗೆ ನೆರಳಿನ ತುದಿ ವೃತ್ತದೊಳಕ್ಕೆ ಬರುವ ಬಿಂದುವನ್ನೂ ಮಧ್ಯಾಹ್ನದ ಬಳಿಕ ಹೊರಕ್ಕೆ ಹೋಗುವ ಬಿಂದುವನ್ನೂ ಸುಣ್ಣದಿಂದ ಗುರುತು ಮಾಡುತ್ತಿದ್ದೆವು. ಎರಡನ್ನೂ ಕೂಡಿಸಿದರೆ ಪೂರ್ವ-ಪಶ್ಚಿಮ ರೇಖೆ. ಊಟದ ಬಿಡುವಿನಲ್ಲಿ ಆ ಗುರುತನ್ನು ಕಾಯುವ ಸರದಿಗಾಗಿ ನಡೆಯುತ್ತಿದ್ದ ಜಗಳಗಳೂ ನೆನಪಿರಬಹುದು. ಯಜ್ಞವೇದಿಕೆಯನ್ನು ಕಟ್ಟಲು ಶುಲ್ಬಸೂತ್ರಕಾರರು ಹೇಳಿದ ವಿಧಾನ ಇದು. ನಮ್ಮ ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಅಮೋಘವರ್ಷ ನೃಪತುಂಗ ಆಳುತ್ತಿದ್ದಾಗ, ಒಂಬತ್ತನೆಯ ಶತಮಾನದಲ್ಲಿ, ಅವನನ್ನು ಕೊಂಡಾಡಿದ ಮಹಾವೀರಾಚಾರ್ಯ ತನ್ನ ಗಣಿತಸಾರಸಂಗ್ರಹದ ಕೊನೆಯ ಅಧ್ಯಾಯವನ್ನು ಪೂರ್ತಿಯಾಗಿ ನೆರಳಿನ ಲೆಕ್ಕಕ್ಕೆ ಮೀಸಲಿಟ್ಟ. ಒಂದು ಗೂಟ, ಒಂದು ಹಗ್ಗ, ಒಂದು ದಿನದ ತಾಳ್ಮೆ ಇಷ್ಟಿದ್ದರೆ ಸಾಲುಗಲ್ಲಿನವರಿಗೂ ಸಾಕಿತ್ತು.

ಚಿತ್ತಾಪುರ ತಾಲ್ಲೂಕಿನ ಸನ್ನತಿಯನ್ನು ಈ ಮಾತಿಗೆ ತರದಿದ್ದರೆ ನಮ್ಮವರು ಮುನಿದಾರು. ಅಲ್ಲಿಯ ಕನಗನಹಳ್ಳಿಯ ಮಹಾಸ್ತೂಪ ನಾಲ್ಕು ದಿಕ್ಕುಗಳನ್ನು ನೋಡುವ ಕಟ್ಟಡ. ಗುಂಡನೆಯ ದಿಬ್ಬಕ್ಕೆ ಪೂರ್ವ, ದಕ್ಷಿಣ, ಪಶ್ಚಿಮ, ಉತ್ತರಗಳಲ್ಲಿ ಒಂದೊಂದು ಆಯಕ ವೇದಿಕೆ. ಸುತ್ತಲೂ ನಮ್ಮದೇ ಸೀಮೆಯ ಸುಣ್ಣಕಲ್ಲಿನ ಶಿಲ್ಪಫಲಕಗಳು. 1990ರ ದಶಕದಲ್ಲಿ ಆರಂಭವಾದ ಉತ್ಖನನದಲ್ಲಿ ‘ರಾಯ ಅಸೋಕೋ’ ಎಂದು ಹೆಸರು ಕೊರೆದ ಅಶೋಕನ ಶಿಲ್ಪ ದೊರೆತದ್ದು ನಿಮಗೆಲ್ಲ ತಿಳಿದದ್ದೇ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಸನ್ನತಿಯ ಇನ್ನೊಂದು ಕಲ್ಲು. 1989ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿಯ ಗುಡಿಯಲ್ಲಿ ವಿಗ್ರಹದ ಪೀಠವಾಗಿದ್ದ ಚಪ್ಪಡಿಯ ಎರಡೂ ಮುಖಗಳಲ್ಲಿ ಅಶೋಕನ ಶಾಸನಗಳು ಕಂಡವು. 12 ಮತ್ತು 14ನೆಯ ಶಾಸನಗಳೊಂದಿಗೆ, ಅದುವರೆಗೆ ಕಳಿಂಗದ ಧೌಳಿ, ಜೌಗಡಗಳಲ್ಲಿ ಮಾತ್ರ ದೊರೆತಿದ್ದ ಎರಡು ಪ್ರತ್ಯೇಕ ಶಾಸನಗಳೂ ಅದರಲ್ಲಿದ್ದವು. ವಿಗ್ರಹವನ್ನು ಕೂರಿಸಲು ನಡುವೆ ಕೊರೆದ ತೂತಿನಲ್ಲಿ ಕೆಲವು ಅಕ್ಷರಗಳು ಹೋದವು, ಉಳಿದವು ಉಳಿದವು. ಆ ಚಪ್ಪಡಿ ಮೊದಲು ನಿಂತಿದ್ದ ಠಾವಿನಿಂದ ಕದಲಿ, ಮಲಗಿ, ಪೀಠವಾಗಿ ಶತಮಾನಗಳನ್ನು ಕಳೆದರೂ ಅದರ ಮಾತು ಸಾಯಲಿಲ್ಲ. ಅಕ್ಷರಕ್ಕೆ ಆ ಶಕ್ತಿಯಿದೆ. ವಿಭೂತಿಹಳ್ಳಿಯ ಗುಂಡಿನ ಮೇಲೆ ಒಂದು ಅಕ್ಷರವೂ ಇಲ್ಲ. ಅದು ಹೇಳುವುದೆಲ್ಲ ಅದು ಕುಳಿತ ಜಾಗದಲ್ಲಿದೆ. ಅದನ್ನು ನಾಲ್ಕು ಮಾರು ಸರಿಸಿದರೆ ಕಲ್ಲು ಉಳಿಯುತ್ತದೆ, ಮಾತು ಅಳಿಯುತ್ತದೆ.

ಫಜಾಡ ಗುಡ್ಡದಲ್ಲಿ ಆದದ್ದು ಇದೇ. ಸುದ್ದಿ ಹಬ್ಬಿದ ಮೇಲೆ ಜನ ಹತ್ತಿದರು, ಬುಡದ ಮಣ್ಣು ಸವೆಯಿತು, ಚಪ್ಪಡಿಗಳು ತುಸು ಜಾರಿದವು. 1989ರ ವೇಳೆಗೆ ಬೆಳಕಿನ ಬಾಕು ಸುರುಳಿಯ ನಡುವಿಗೆ ಬೀಳುವುದು ನಿಂತಿತ್ತು. ಗುಡ್ಡವನ್ನು ಜನರಿಗೆ ಮುಚ್ಚಿದ್ದಾರೆ. ಚಪ್ಪಡಿಗಳು ಅಲ್ಲೇ ಇವೆ, ಸುರುಳಿಯೂ ಇದೆ.

ಸಾಲಿನ ಕಲ್ಲಷ್ಟೇ ಅಲ್ಲ, ಅದು ನೋಡುವ ದಿಗಂತವೂ ಸ್ಮಾರಕದ ಭಾಗವೇ. ಇದನ್ನು ಹಂಪಿ ಚೆನ್ನಾಗಿ ಕಲಿಸುತ್ತದೆ. ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಶೆಲ್ ಅಲ್ಲಿಯ ರಾಜಾಂಗಣಗಳನ್ನು ಅಳೆದಾಗ, ಹಜಾರರಾಮ ಗುಡಿಯಿಂದ ನೇರ ಉತ್ತರಕ್ಕೆ ಮತಂಗ ಬೆಟ್ಟದ ತುದಿಯ ವೀರಭದ್ರ ಗುಡಿ ಇರುವುದು ತಿಳಿಯಿತು. ಅರಮನೆಯ ವಲಯವೇ ಆ ಅಕ್ಷದ ಎರಡು ಬದಿಗೆ ಹರಡಿದೆ. ಅವರೊಂದಿಗೆ ಹಂಪಿಯ ದಿಕ್ಕುಗಳನ್ನು ಅಳೆದ ಜೆ. ಮೆಕಿಮ್ ಮಾಲ್ವಿಲ್ ಎಂಬ ಖಗೋಳವಿಜ್ಞಾನಿ ಪ್ಯೂಬ್ಲೊ ಪೂರ್ವಜರ ಚಿಮ್ನಿ ರಾಕ್ ಎಂಬ ತಾಣದಲ್ಲಿ, ಎರಡು ಶಿಲಾಸ್ತಂಭಗಳ ನಡುವೆ 18.6 ವರ್ಷಕ್ಕೊಮ್ಮೆ ಬರುವ ಅವಧಿಯಲ್ಲಿ ಚಂದ್ರ ಮೂಡುವುದನ್ನು ಗುರುತಿಸಿದವರು. ವಿದ್ಯಾರ್ಥಿನಿಯ ಪ್ರಶ್ನೆಯ ಎರಡು ತುದಿಗಳನ್ನೂ ಒಬ್ಬರೇ ವಿದ್ವಾಂಸರು ನಡೆದಿದ್ದಾರೆ! ಮತಂಗ ಬೆಟ್ಟವನ್ನು ಅಲ್ಲಿಂದ ತೆಗೆದುಬಿಟ್ಟರೆ ಕೆಳಗಿನ ಗುಡಿಗಳೆಲ್ಲ ಇದ್ದೂ ಆ ನಗರದ ಅರ್ಥ ಕುಂದುತ್ತದೆ.

ಶಹಾಪುರದ ಗುಡ್ಡಸಾಲು ರಸ್ತೆಯ ಒಂದು ಠಾವಿನಿಂದ ಮಲಗಿದ ಬುದ್ಧನಂತೆ ಕಾಣುವುದನ್ನು ನೀವು ನೋಡಿರಬಹುದು. ಅದು ಪ್ರಕೃತಿಯ ಆಟ, ಯಾರೂ ಕಟ್ಟಿದ್ದಲ್ಲ. ಒಂದು ಮೈಲಿ ಆಚೆ ಹೋದರೆ ಬುದ್ಧನಿಲ್ಲ, ಬರೀ ಬಂಡೆ. ನಮ್ಮ ಭಾಗದಲ್ಲಿ ಕಲ್ಲುಪುಡಿಯ ಯಂತ್ರಗಳು ಗುಡ್ಡಗಳನ್ನು ಕರಗಿಸುವ ವೇಗವನ್ನು ನೋಡಿದರೆ ದಿಗಂತವೂ ಶಾಶ್ವತವೆಂಬ ನಂಬಿಕೆ ಸಡಿಲುತ್ತದೆ. ನಮ್ಮ ಬಳಗದವರ ಹೊಲವೊಂದರ ಬದುವಿನಲ್ಲಿ ಆಳೆತ್ತರದ ನಿಲಸುಗಲ್ಲೊಂದಿತ್ತು. ಕಾಲುದಾರಿ ಅಗಲ ಮಾಡುವಾಗ ಗುತ್ತಿಗೆದಾರರ ಆಳುಗಳು ಅದನ್ನು ಯಂತ್ರದಿಂದ ಕಿತ್ತು ಹಳ್ಳದ ದಂಡೆಗೆ ಹಾಕಿದರು. ‘ಕಲ್ಲು ಒಡೆದಿಲ್ಲ ಸರ್, ಹಾಂಗೇ ಇದೆ’ ಎಂದು ಅವರು ನನಗೆ ಸಮಾಧಾನ ಹೇಳಿದರು. ಅದು ಒಂಟಿಗಲ್ಲೋ, ಸಾಲಿನ ಕೊನೆಯದೋ, ಯಾವ ಗುಡ್ಡವನ್ನು ನೋಡುತ್ತಿತ್ತೋ, ಇನ್ನು ಯಾರೂ ಹೇಳಲಾರರು. ನಿಮ್ಮ ಹೊಲಗಳಲ್ಲಿ ಇಂಥ ಕಲ್ಲುಗಳಿದ್ದರೆ, ಅನಿವಾರ್ಯವಾಗಿ ಸರಿಸುವ ಪ್ರಸಂಗ ಬಂದರೂ, ಮೊದಲು ನಾಲ್ಕೂ ಕಡೆಯಿಂದ ಚಿತ್ರ ತೆಗೆಯಿರಿ. ಮೊಬೈಲಿನ ದಿಕ್ಸೂಚಿಯಿಂದ ಅದರ ಚಪ್ಪಟೆ ಮುಖದ ದಿಕ್ಕನ್ನು ಬರೆದಿಡಿರಿ. ಹತ್ತಿರದ ಕಲ್ಲಿಗೆ ಎಷ್ಟು ಹೆಜ್ಜೆಯೆಂದು ಎಣಿಸಿರಿ. ಅರ್ಧ ಗಂಟೆಯ ಕೆಲಸ.

ನೆತ್ತಿಯ ಸೂರ್ಯನನ್ನು ನೋಡಲು ಮಾತ್ರ ಎಲ್ಲಿಗೂ ಹೋಗಬೇಕಿಲ್ಲ. ಅಂಗಳದಲ್ಲಿ ನೆಟ್ಟಗೆ ನಿಂತ ಒಂದು ಕೋಲು ಸಾಕು. ಸೂರ್ಯ ದಕ್ಷಿಣದಿಂದ ಉತ್ತರಕ್ಕೆ ನಮ್ಮ ಊರುಗಳನ್ನು ಒಂದೊಂದಾಗಿ ದಾಟುತ್ತಾನೆ: ಶಹಾಪುರದಲ್ಲಿ ಮೇ 7ರ ಸುಮಾರಿಗೆ, ವಾಡಿ, ಚಿತ್ತಾಪುರ, ಶಹಾಬಾದಗಳಲ್ಲಿ 8ಕ್ಕೆ, ಸೇಡಂನಲ್ಲಿ 9ಕ್ಕೆ, ಚಿಂಚೋಳಿಯಲ್ಲಿ 10ಕ್ಕೆ, ಒಂದು ದಿನ ಹಿಂದುಮುಂದಾದೀತು. ಆಗಸ್ಟಿನಲ್ಲಿ ಇದೇ ದಾರಿಯಲ್ಲಿ ಹಿಂದಿರುಗುತ್ತಾನೆ: ಚಿಂಚೋಳಿಗೆ 3ರ ಸುಮಾರಿಗೆ, ಸೇಡಂಗೆ 4, ವಾಡಿಯ ಕಡೆಗೆ 5, ಶಹಾಪುರಕ್ಕೆ 6. ಮೇ ತಿಂಗಳಲ್ಲಿ ಮಧ್ಯಾಹ್ನ 12 ಗಂಟೆ 18 ನಿಮಿಷದ ಹೊತ್ತಿಗೆ, ಆಗಸ್ಟಿನಲ್ಲಿ 12 ಗಂಟೆ 27ರ ಹೊತ್ತಿಗೆ ಕೋಲಿನ ನೆರಳು ಬುಡದಲ್ಲಿ ಅಡಗುತ್ತದೆ. ಆಗಸ್ಟಿನಲ್ಲಿ ಮೋಡದ ಕಾಟ. ಮೇ ತಿಂಗಳೇ ವಾಸಿ. ಮಕ್ಕಳನ್ನು ಜೊತೆಗೆ ನಿಲ್ಲಿಸಿಕೊಂಡು ನೋಡಿ, ಯಾವ ಊರಿನಲ್ಲಿ ಯಾವ ದಿನ ನೆರಳು ಅಡಗಿತೆಂದು ನನಗೆ ಬರೆದು ತಿಳಿಸಿರಿ. ಆ ಸಂಜೆ ಸೂರ್ಯ ಯಾವ ಮರದ, ಯಾವ ಗುಡ್ಡದ ಹಿಂದೆ ಮುಳುಗಿದನೆಂಬುದನ್ನೂ ಬರೆಯಿರಿ.